ಹೃದಯಕ್ಕೆ ಜ್ಯೋತಿ, ಮೆದುಳಿಗೆ ರೆಫರ್ ಚೀಟಿ

ಅಕ್ಟೋಬರ್ 29 ಎಂದರೆ ಕನ್ನಡಿಗರಿಗೆ ನಟ ಪುನೀತ್ ರಾಜ್‌ಕುಮಾರ್, ನಮ್ಮ ಅಪ್ಪು, ಹೃದಯಾಘಾತದಿಂದ ತೀರಿಕೊಂಡ ದಿನ. 2021ರ ಆ ಶುಕ್ರವಾರವನ್ನು ಯಾರೂ ಮರೆತಿಲ್ಲ. ಆಟೊ ಸ್ಟ್ಯಾಂಡ್‌ಗಳಲ್ಲಿ ಫೋಟೊಗೆ ಹಾರ ಬೀಳುತ್ತದೆ, ಅನ್ನಸಂತರ್ಪಣೆ ನಡೆಯುತ್ತದೆ. ಅದೇ ದಿನ ವಿಶ್ವ ಪಾರ್ಶ್ವವಾಯು ದಿನವೂ ಹೌದು. ಅದಕ್ಕೆ ಒಂದು ಬ್ಯಾನರು, ಒಂದು ಜಾಥಾ, ಸಾಲಾಗಿ ನಡೆಯಲು ನರ್ಸಿಂಗ್ ಕಾಲೇಜಿನ ಮಕ್ಕಳು. ಬಿಸಿಲೇರುವಷ್ಟರಲ್ಲಿ ಜಾಗೃತಿ ಮುಗಿದಿರುತ್ತದೆ.

ಅಪ್ಪು ಹೋದ ಮೇಲೆ ಸರ್ಕಾರಕ್ಕೆ ನಮ್ಮ ಹೃದಯದ ನೆನಪಾಯಿತು. 2023ರಲ್ಲಿ ಅವರ ಹೆಸರಿನಲ್ಲೇ ಹೃದಯ ಜ್ಯೋತಿ ಯೋಜನೆ ಬಂತು. ತಾಲ್ಲೂಕು ಆಸ್ಪತ್ರೆಯಲ್ಲಿ ಇಸಿಜಿ ತೆಗೆಯುತ್ತಾರೆ, ಅದನ್ನು ಜಯದೇವದಂಥ ದೊಡ್ಡ ಆಸ್ಪತ್ರೆಯ ತಜ್ಞರು ಕೂತಲ್ಲೇ ನೋಡುತ್ತಾರೆ, ಹೃದಯಾಘಾತ ಖಚಿತವಾದರೆ ಟೆನೆಕ್ಟೆಪ್ಲೇಸ್ ಎಂಬ ಚುಚ್ಚುಮದ್ದನ್ನು ಅಲ್ಲೇ ಉಚಿತವಾಗಿ ಕೊಡುತ್ತಾರೆ. ಹೊರಗೆ ಅದಕ್ಕೆ ಹತ್ತಾರು ಸಾವಿರ ರೂಪಾಯಿ. ಒಳ್ಳೆಯ ಕೆಲಸ, ಒಪ್ಪೋಣ. ವರ್ಷಕ್ಕೊಮ್ಮೆಯಾದರೂ ಸರ್ಕಾರವನ್ನು ಹೊಗಳದಿದ್ದರೆ ನಮ್ಮ ಬೈಗುಳಕ್ಕೂ ಬೆಲೆ ಇರುವುದಿಲ್ಲ.

ನಮ್ಮ ತಕರಾರು ಇಲ್ಲಿಂದ ಶುರು. ಹೃದಯದ ನಾಳದಲ್ಲಿ ಕಟ್ಟಿದ ರಕ್ತದ ಹೆಪ್ಪನ್ನು ಕರಗಿಸುವ ಅದೇ ಟೆನೆಕ್ಟೆಪ್ಲೇಸ್ ಮೆದುಳಿನ ನಾಳದ ಹೆಪ್ಪನ್ನೂ ಕರಗಿಸುತ್ತದೆ. ಮೆದುಳಿಗೆ ಡೋಸೂ ಕಡಿಮೆ: ದೇಹತೂಕದ ಪ್ರತಿ ಕೆ.ಜಿ.ಗೆ 0.25 ಮಿಲಿಗ್ರಾಂ, ಹೆಚ್ಚೆಂದರೆ 25. ಕೆನಡಾದಲ್ಲಿ ಸುಮಾರು 1,600 ರೋಗಿಗಳ ಮೇಲೆ ನಡೆದ ಪರೀಕ್ಷೆ, ಇದು ಹಳೆಯ ಔಷಧ ಆಲ್ಟೆಪ್ಲೇಸ್‌ಗಿಂತ ಯಾವ ರೀತಿಯಲ್ಲೂ ಕಡಿಮೆಯಲ್ಲ ಎಂದು 2022ರಲ್ಲಿ ತೋರಿಸಿತು. 2025ರ ಮಾರ್ಚ್‌ನಲ್ಲಿ ಅಮೆರಿಕದ ಔಷಧ ನಿಯಂತ್ರಕರೂ ಒಪ್ಪಿಗೆ ಕೊಟ್ಟರು. ಔಷಧ ಅದೇ, ಊರೂ ಅದೇ. ಹೆಪ್ಪು ಕತ್ತಿನಿಂದ ಕೆಳಗೆ ಕಟ್ಟಿತೋ ಮೇಲೆ ಕಟ್ಟಿತೋ ಎನ್ನುವುದರ ಮೇಲೆ ನಮ್ಮ ಹಣೆಬರಹ.

‘ಅದು ಅಷ್ಟು ಸುಲಭವಲ್ಲ’ ಎನ್ನುತ್ತಾರೆ ವೈದ್ಯರು. ನಿಜ. ಲಕ್ವದಲ್ಲಿ ಎರಡು ಬಗೆ. ರಕ್ತನಾಳ ಕಟ್ಟಿಕೊಳ್ಳುವುದು ಒಂದು, ನಾಳ ಒಡೆದು ಮೆದುಳೊಳಗೆ ರಕ್ತ ಸುರಿಯುವುದು ಇನ್ನೊಂದು. ಹೊರಗಿನಿಂದ ನೋಡಿದರೆ ಎರಡೂ ಒಂದೇ ಥರ: ಬಾಯಿ ಸೊಟ್ಟ, ಕೈಕಾಲು ಬಿದ್ದಿರುತ್ತದೆ, ಮಾತು ತೊದಲು. ಒಡೆದ ನಾಳದವರಿಗೆ ಹೆಪ್ಪು ಕರಗಿಸುವ ಮದ್ದು ಕೊಟ್ಟರೆ ಜೀವಕ್ಕೇ ಅಪಾಯ. ಯಾವುದು ಯಾವುದೆಂದು ಹೇಳಲು ಸಿಟಿ ಸ್ಕ್ಯಾನ್ ಆಗಲೇಬೇಕು.

ಇಸಿಜಿ ಯಂತ್ರವನ್ನು ಕಂಕುಳಲ್ಲಿಟ್ಟುಕೊಂಡು ಓಡಾಡಬಹುದು. ಸಿಟಿಗೆ ಕೋಣೆ ಬೇಕು, ಕೈಕೊಡದ ಕರೆಂಟು ಬೇಕು, ತಂತ್ರಜ್ಞ ಬೇಕು, ಆ ತಂತ್ರಜ್ಞ ರಾತ್ರಿ ಹನ್ನೊಂದಕ್ಕೂ ಡ್ಯೂಟಿಯಲ್ಲಿರಬೇಕು, ತೆಗೆದ ಚಿತ್ರವನ್ನು ಓದಿ ಹೇಳುವವರು ಫೋನಿಗಾದರೂ ಸಿಗಬೇಕು. ‘ಯಂತ್ರ ಇದೆ’ ಎಂದು ಉತ್ತರ ಕೊಡುವುದು ಸುಲಭ, ಉದ್ಘಾಟನೆಯ ಫೋಟೊ ಕಡತದಲ್ಲಿರುತ್ತದೆ. ರಾತ್ರಿಪಾಳಿಯನ್ನು ಟೇಪು ಕತ್ತರಿಸಿ ಉದ್ಘಾಟಿಸಿದ ಮಂತ್ರಿಯನ್ನು ನಾವಂತೂ ಕಂಡಿಲ್ಲ.

ಸಮಯದ ಲೆಕ್ಕ ಹೊಸದೇನಲ್ಲ. ಹೆಪ್ಪು ಕರಗಿಸುವ ಮದ್ದನ್ನು ಮೂರು ಗಂಟೆಯೊಳಗೆ ಕೊಟ್ಟರೆ ಜನ ಚೇತರಿಸಿಕೊಳ್ಳುತ್ತಾರೆ ಎಂದು ಅಮೆರಿಕದ ಪರೀಕ್ಷೆ ಹೇಳಿದ್ದು 1995ರಲ್ಲಿ. ನಾಲ್ಕೂವರೆ ಗಂಟೆಯವರೆಗೂ ಕೊಡಬಹುದು ಎಂದು ಯುರೋಪಿನ ಪರೀಕ್ಷೆ ಸೇರಿಸಿದ್ದು 2008ರಲ್ಲಿ. ನಡುವೆ 2006ರಲ್ಲಿ ಜೆಫ್ರಿ ಸೇವರ್ ಎಂಬ ನರತಜ್ಞರು ಕೂತು ಲೆಕ್ಕ ಹಾಕಿದರು: ದೊಡ್ಡ ನಾಳವೊಂದು ಕಟ್ಟಿಕೊಂಡರೆ ನಿಮಿಷಕ್ಕೆ 19 ಲಕ್ಷ ನರಕೋಶಗಳು ಸಾಯುತ್ತವೆ. ಗುಬ್ಬಿಯಿಂದ ತುಮಕೂರಿಗೆ ಇಪ್ಪತ್ತು ಕಿಲೋಮೀಟರ್, ಅರ್ಧ ಗಂಟೆ ಎಂದಿಟ್ಟುಕೊಳ್ಳಿ. ಐದೂವರೆ ಕೋಟಿಗೂ ಹೆಚ್ಚು ನರಕೋಶ ಬಿ.ಎಚ್. ರಸ್ತೆಯ ಪಾಲು. ಹಬ್ಬದ ಸಂಜೆ ನಗರದೊಳಗೆ ಆಂಬುಲೆನ್ಸ್ ಸಿಕ್ಕಿಕೊಂಡರೆ ಎಷ್ಟು ಎಂದು ಸೇವರ್ ಬರೆದಿಲ್ಲ, ಅವರು ನಮ್ಮ ಬಿ.ಎಚ್. ರಸ್ತೆ ನೋಡಿಲ್ಲ.

ಗುಬ್ಬಿ ಕಡೆಯ ನಮ್ಮ ಪರಿಚಯದ ಮನೆಯೊಂದರ ಕಥೆ ಕೇಳಿ. ಯಜಮಾನರಿಗೆ ಬೆಳಿಗ್ಗೆ ಆರಕ್ಕೆ ಕೊಟ್ಟಿಗೆಯಲ್ಲಿ ಕೈಲಿದ್ದ ಚೊಂಬು ಜಾರಿತು. ಬಲಗೈ ಎತ್ತಲಾಗಲಿಲ್ಲ, ಬಾಯಿ ಒಂದು ಕಡೆ ಎಳೆಯಿತು. ಮನೆಯವರು ಗಾಬರಿಯಲ್ಲಿ ಸಕ್ಕರೆ ನೀರು ಕುಡಿಸಲು ಹೋದರು, ನುಂಗಲಾಗದೆ ನೆತ್ತಿಗೇರಿತು. ಪಕ್ಕದ ಮನೆಯವರು ಗಾಳಿ ಸೋಕಿದೆ ಎಂದರು. ಮಗ ಬೈಕಿನಲ್ಲಿ ಹೋಗಿ ಆಟೊ ಹುಡುಕಿಕೊಂಡು ಬಂದ. ತಲೆನೋವು ಇಲ್ಲವಲ್ಲ ಎಂದು ಯಜಮಾನರು ಬಿಪಿ ಮಾತ್ರೆ ಬಿಟ್ಟು ತಿಂಗಳುಗಳಾಗಿದ್ದವು.

ಮೊದಲ ಕಡೆ ಬಿಪಿ ನೋಡಿ, ಡ್ರಿಪ್ ಹಾಕಿ, ‘ಮೇಲಕ್ಕೆ ಕರೆದುಕೊಂಡು ಹೋಗಿ’ ಎಂದರು. ಚೀಟಿಗೆ ಸಹಿ ಹಾಕುವವರು ಬರಲು ಸ್ವಲ್ಪ ಹೊತ್ತು. ಎರಡನೆಯ ಕಡೆ ಸ್ಕ್ಯಾನಿಂಗ್ ಹೊರಗೆ ಮಾಡಿಸಿಕೊಂಡು ಬನ್ನಿ ಎಂದರು. ಸ್ಟ್ರೆಚರ್ ಇಳಿಸಿ, ಹತ್ತಿಸಿ, ಮತ್ತೆ ಇಳಿಸಿದ್ದಾಯಿತು. ಮೂರನೆಯ ಕಡೆ ಡಾಕ್ಟರು ಫಿಲ್ಮನ್ನು ಕಿಟಕಿಯ ಬೆಳಕಿಗೆ ಹಿಡಿದು ನೋಡಿ, ‘ಛೆ, ಸ್ವಲ್ಪ ಬೇಗ ಬರಬೇಕಿತ್ತಲ್ಲ’ ಎಂದರು. ಗಂಟೆ ಮಧ್ಯಾಹ್ನ ಎರಡು ದಾಟಿತ್ತು. ಬೆಳಗಿನಿಂದ ಆ ಮನೆಯವರು ಮಾಡಿದ್ದೆಲ್ಲ ಬರುವುದೇ ಆಗಿತ್ತು.

ಇದರಲ್ಲಿ ತಪ್ಪು ಯಾರದ್ದು ಎಂದು ಹುಡುಕಿದರೆ ಯಾರೂ ಸಿಗುವುದಿಲ್ಲ. ಪ್ರತಿಯೊಬ್ಬರೂ ತಮ್ಮ ಪಾಲಿನ ನಿಯಮ ಪಾಲಿಸಿದ್ದಾರೆ, ಪ್ರತಿ ಚೀಟಿಯಲ್ಲೂ ಸೀಲು ಸರಿಯಾಗಿದೆ. ರೋಗಿಯ ಬಲಗೈ ಮಾತ್ರ ಯಾರ ರಿಜಿಸ್ಟರಿಗೂ ಸೇರಿಲ್ಲ.

ಮುಖ ನೋಡಿ, ಕೈ ಎತ್ತಿಸಿ, ಮಾತಾಡಿಸಿ, ತಡ ಮಾಡದೆ ಆಸ್ಪತ್ರೆಗೆ ಹೋಗಿ ಎಂದು ಪೋಸ್ಟರ್ ಹೇಳುತ್ತದೆ. ಸರಿ, ಯಾವ ಆಸ್ಪತ್ರೆಗೆ? ರಾತ್ರಿ ಹನ್ನೊಂದಕ್ಕೆ, ಭಾನುವಾರ, ನಿಟ್ಟೂರಿನಲ್ಲೋ ಚೇಳೂರಿನಲ್ಲೋ ಒಬ್ಬರಿಗೆ ಹೀಗಾದರೆ ಸ್ಕ್ಯಾನ್, ಚುಚ್ಚುಮದ್ದು, ಅದನ್ನು ಕೊಡುವ ಧೈರ್ಯವಿರುವ ಡಾಕ್ಟರು ಈ ಮೂರೂ ಒಂದೇ ಸೂರಿನಡಿ ಎಲ್ಲಿ ಸಿಗುತ್ತಾರೆ? ಐದು ಜನರನ್ನು ಕೇಳಿ, ಐದು ಉತ್ತರ ಸಿಗುತ್ತದೆ. ಆರನೆಯವರು ‘ನಮ್ಮ ಪರಿಚಯದವರೊಬ್ಬರಿದ್ದಾರೆ, ಫೋನ್ ಮಾಡ್ತೀನಿ ಇರಿ’ ಎನ್ನುತ್ತಾರೆ. ಸದ್ಯಕ್ಕೆ ಜಿಲ್ಲೆಯ ತುರ್ತು ವ್ಯವಸ್ಥೆ ಆ ಆರನೆಯವರೇ.

ಕುಣಿಗಲ್‌ನವರ ಗೊಂದಲ ಇನ್ನೊಂದು ಬಗೆಯದು. ತುಮಕೂರಿಗೆ ಹೋಗುವುದೋ, ಹಾಸನದ ಹೆದ್ದಾರಿ ಹಿಡಿದು ಬೆಳ್ಳೂರು ಬಳಿಯ ಬಿ.ಜಿ. ನಗರಕ್ಕೆ ಹೋಗುವುದೋ, ನೆಲಮಂಗಲ ದಾಟಿ ಬೆಂಗಳೂರಿಗೇ ಹೋಗುವುದೋ? ಬೆಂಗಳೂರೇ ಎಂದು ಹೊರಟರೆ ನಿಮ್ಹಾನ್ಸ್ ಇರುವುದು ಊರಿನ ಆ ತುದಿಯಲ್ಲಿ, ಹೊಸೂರು ರಸ್ತೆಯಲ್ಲಿ. ಗೊರಗುಂಟೆಪಾಳ್ಯದಿಂದ ಅಲ್ಲಿಗೆ ತಲುಪುವ ಹೊತ್ತಿಗೆ ಕುಣಿಗಲ್‌ನಿಂದ ನೆಲಮಂಗಲಕ್ಕೆ ಬಂದ ವೇಗವೆಲ್ಲ ಬಡ್ಡಿಸಮೇತ ವಾಪಸ್ ಕೊಟ್ಟಿರುತ್ತೀರಿ.

ಹೇಮಾವತಿ ಲಿಂಕ್ ಕಾಲುವೆಯ ವಿಷಯದಲ್ಲಿ ಗುಬ್ಬಿಯೂ ಕುಣಿಗಲ್ಲೂ ಜಗಳವಾಡುತ್ತಿವೆ. ನೀರು ಯಾರಿಗೆ ಎಷ್ಟು ಎಂದು ಪೊಲೀಸ್ ಬಂದೋಬಸ್ತಿನಲ್ಲಿ ಚರ್ಚೆಯಾಗುತ್ತದೆ. ಲಕ್ವದ ವಿಷಯದಲ್ಲಿ ಮಾತ್ರ ಎರಡೂ ತಾಲ್ಲೂಕುಗಳಿಗೆ ಸಮಪಾಲು ಸಿಕ್ಕಿದೆ, ಯಾರೂ ಧರಣಿ ಕೂರುವ ಅಗತ್ಯವೇ ಬಿದ್ದಿಲ್ಲ.

ಗುಬ್ಬಿ ತಾಲ್ಲೂಕಿನ ಬಿದರೆಹಳ್ಳ ಕಾವಲ್‌ನಲ್ಲಿ ಎಚ್‌ಎಎಲ್ ಹೆಲಿಕಾಪ್ಟರ್ ಕಾರ್ಖಾನೆಯಿದೆ. 2016ರಲ್ಲಿ ಶಂಕುಸ್ಥಾಪನೆ, 2023ರ ಫೆಬ್ರುವರಿ 6ರಂದು ಪ್ರಧಾನಿಯಿಂದ ಲೋಕಾರ್ಪಣೆ. ಹೆಮ್ಮೆಯ ವಿಷಯವೇ. ಹೆಲಿಕಾಪ್ಟರ್ ಮಾಡುವ ತಾಲ್ಲೂಕಿನಲ್ಲಿ ಸ್ಟ್ರೋಕ್ ಆದವರು ಆಟೊದಲ್ಲಿ, ಹಿಂದಿನ ಸೀಟಿನಲ್ಲಿ ಮಗಳ ತೊಡೆಯ ಮೇಲೆ ತಲೆಯಿಟ್ಟು, ಕಾಲು ಹೊರಚಾಚಿಕೊಂಡು ಬರುತ್ತಾರೆ.

ಸಂಶೋಧನೆ ಆಗಿಲ್ಲ ಎಂದು ಮಾತ್ರ ಯಾರೂ ಹೇಳುವಂತಿಲ್ಲ. ನಿಮ್ಹಾನ್ಸ್‌ನ ಡಾ. ಎಂ. ಗೌರಿದೇವಿ ಮತ್ತು ಸಂಗಡಿಗರು ತೊಂಬತ್ತರ ದಶಕದಲ್ಲೇ ಬೆಂಗಳೂರು ನಗರ, ಗ್ರಾಮಾಂತರದಲ್ಲಿ ಮನೆ ಮನೆ ತಿರುಗಿ 1,02,557 ಜನರನ್ನು ಸಮೀಕ್ಷೆ ಮಾಡಿದರು. 2004ರಲ್ಲಿ ಪ್ರಕಟವಾದ ಆ ವರದಿಯ ಪ್ರಕಾರ ನರರೋಗಗಳು ನಗರದಲ್ಲಿ ಲಕ್ಷಕ್ಕೆ 2,190, ಹಳ್ಳಿಗಳಲ್ಲಿ 4,070. ಹತ್ತಿರ ಹತ್ತಿರ ಎರಡರಷ್ಟು. ರೋಗ ಹಳ್ಳಿಯಲ್ಲಿದೆ ಎಂದು ಲೆಕ್ಕ ಹೇಳಿತು. ನರತಜ್ಞರು ಆ ಲೆಕ್ಕ ಓದಿದರು, ಮೆಚ್ಚಿದರು, ನಗರದಲ್ಲೇ ಉಳಿದರು.

ಮುಂದೆ ನಿಮ್ಹಾನ್ಸ್‌ನ ಡಾ. ಡಿ. ನಾಗರಾಜ, ಡಾ. ಜಿ. ಗುರುರಾಜ್ ತಂಡ ಬೆಂಗಳೂರಿನ ಆಸ್ಪತ್ರೆಗಳಿಗೆ ಬರುವ ಪಾರ್ಶ್ವವಾಯು ರೋಗಿಗಳ ದಾಖಲಾತಿಯನ್ನು ಕ್ರಮವಾಗಿ ನಡೆಸಬಹುದೇ ಎಂದು ಪ್ರಯೋಗ ಮಾಡಿ ನೋಡಿತು, 2009ರಲ್ಲಿ ಪ್ರಕಟಿಸಿತು. 32 ದೇಶಗಳ ಸುಮಾರು 27 ಸಾವಿರ ಜನರನ್ನು ಒಳಗೊಂಡ ಇಂಟರ್‌ಸ್ಟ್ರೋಕ್ ಅಧ್ಯಯನದಲ್ಲಿ ಬೆಂಗಳೂರಿನ ಸೇಂಟ್ ಜಾನ್ಸ್‌ನ ಡಾ. ಡೆನಿಸ್ ಝೇವಿಯರ್ ಅವರೂ ಇದ್ದರು. ತಿದ್ದಿಕೊಳ್ಳಬಹುದಾದ ಹತ್ತು ಕಾರಣಗಳೇ ಪಾರ್ಶ್ವವಾಯುವಿನ ಅಪಾಯದ ನೂರಕ್ಕೆ ತೊಂಬತ್ತು ಪಾಲಿಗೆ ಹೊಣೆ, ಅದರಲ್ಲಿ ಮೊದಲನೆಯದು ರಕ್ತದೊತ್ತಡ ಎಂದು ಆ ಅಧ್ಯಯನ 2016ರಲ್ಲಿ ಹೇಳಿತು. ಅಂದರೆ ಎಲ್ಲಕ್ಕಿಂತ ದೊಡ್ಡ ಔಷಧ ಆ ಪುಟ್ಟ ಬಿಪಿ ಮಾತ್ರೆ. ಆಸ್ಪತ್ರೆಯ ಕೌಂಟರಿನಲ್ಲಿ ‘ಸ್ಟಾಕ್ ಬಂದಿಲ್ಲ, ಮುಂದಿನ ವಾರ ಬನ್ನಿ’ ಎಂದರೆ ಬಿಟ್ಟುಹೋಗುವುದೂ ಅದೇ.

ಕೇಂದ್ರ ಸರ್ಕಾರ 2010ರಲ್ಲಿ ಕ್ಯಾನ್ಸರ್, ಮಧುಮೇಹ, ಹೃದ್ರೋಗ ಮತ್ತು ಪಾರ್ಶ್ವವಾಯು ತಡೆಗೆ ರಾಷ್ಟ್ರೀಯ ಕಾರ್ಯಕ್ರಮ ಆರಂಭಿಸಿತು. ಮೊದಲು ಆಯ್ಕೆಯಾದ ಕರ್ನಾಟಕದ ಐದು ಜಿಲ್ಲೆಗಳಲ್ಲಿ ತುಮಕೂರೂ ಒಂದು. ಹಾಗಾಗಿ ನಾವು ಹಿಂದುಳಿದವರೇನಲ್ಲ, ಹದಿನೈದು ವರ್ಷದ ಹಳೆಯ ಫಲಾನುಭವಿಗಳು. 2023ರಲ್ಲಿ ಕಾರ್ಯಕ್ರಮದ ಹೆಸರನ್ನು ಅಸಾಂಕ್ರಾಮಿಕ ರೋಗಗಳ ಕಾರ್ಯಕ್ರಮ ಎಂದು ಮೊಟಕು ಮಾಡಿದರು. ಊರಿಂದ ಲಕ್ವ ಹೋಗುವ ಮೊದಲೇ ಫಲಕದಿಂದ ಹೋಯಿತು.

ರಾಜ್ಯದ ಪಾಲಿಗೆ ಕರ್ನಾಟಕ ಮೆದುಳು ಆರೋಗ್ಯ ಉಪಕ್ರಮ ಇದೆ. 2022ರಲ್ಲಿ ನಿಮ್ಹಾನ್ಸ್ ಜೊತೆಗೂಡಿ ಕೋಲಾರ, ಚಿಕ್ಕಬಳ್ಳಾಪುರ ಮತ್ತು ಬೆಂಗಳೂರಿನ ಜಯನಗರದಲ್ಲಿ ಶುರುವಾಯಿತು, ಆಮೇಲೆ ಎಲ್ಲ ಜಿಲ್ಲೆಗೂ ಎಂದರು. ತಲೆನೋವು, ಮೂರ್ಛೆರೋಗ, ಮರೆವು, ಪಾರ್ಶ್ವವಾಯು ನಾಲ್ಕಕ್ಕೂ ಜಿಲ್ಲಾ ಆಸ್ಪತ್ರೆಯಲ್ಲೇ ಕ್ಲಿನಿಕ್. ತಲೆನೋವಿಗೆ, ಮೂರ್ಛೆಗೆ ಇದು ನಿಜವಾಗಿಯೂ ವರ. ಪಾರ್ಶ್ವವಾಯುವಿನ ತೊಂದರೆ ಎಂದರೆ ಅದು ಹೊರರೋಗಿ ವಿಭಾಗದ ವೇಳೆ ನೋಡಿಕೊಂಡು ಬರುವುದಿಲ್ಲ.

ಬೇರೆಯವರಿಗೆ ಹೇಗೆ ಸಾಧ್ಯವಾಯಿತು? ಹಿಮಾಚಲ ಪ್ರದೇಶವನ್ನೇ ನೋಡಿ. ಬೆಟ್ಟಗುಡ್ಡ, ಹಿಮ, ಕಡಿದಾದ ರಸ್ತೆ, ಬೆರಳೆಣಿಕೆಯ ನರತಜ್ಞರು. 2014ರಲ್ಲಿ ಅಲ್ಲಿ ಸಿಟಿ ಸ್ಕ್ಯಾನ್ ಇರುವ ಜಿಲ್ಲಾ ಮಟ್ಟದ ಆಸ್ಪತ್ರೆಗಳ ಸಾಮಾನ್ಯ ವೈದ್ಯರಿಗೆ ತರಬೇತಿ ಕೊಟ್ಟರು. ಸ್ಕ್ಯಾನ್ ಚಿತ್ರವನ್ನು ಮೊಬೈಲಿನಲ್ಲಿ ನರತಜ್ಞರಿಗೆ ಕಳಿಸುವುದು, ಅವರು ಹೇಳಿದಂತೆ ಚುಚ್ಚುಮದ್ದು ಕೊಡುವುದು, ಔಷಧ ಸರ್ಕಾರದ್ದೇ. ಕೇರಳವೂ ಶಿರಸ್ ಹೆಸರಿನ ಕಾರ್ಯಕ್ರಮದಡಿ ಜಿಲ್ಲಾ ಆಸ್ಪತ್ರೆಗಳಲ್ಲೇ ಪಾರ್ಶ್ವವಾಯು ಘಟಕ ತೆರೆದಿದೆ. ಶಿಮ್ಲಾದ ಘಟ್ಟದಲ್ಲಿ ಆಗುವುದು ತುಮಕೂರಿನ ಬಯಲಿನಲ್ಲಿ ಆಗುವುದಿಲ್ಲ ಎಂದರೆ ತೊಡಕು ಭೂಗೋಳದ್ದಂತೂ ಅಲ್ಲ.

ಇದಿಷ್ಟೂ ಮೊದಲ ದಿನದ ಮಾತು. ಎರಡನೇ ದಿನದಿಂದ ಶುರುವಾಗುವುದು ಚೇತರಿಕೆ. ಅದರ ಬಗ್ಗೆ ಜಾಥಾ ಕೂಡ ಇಲ್ಲ.

ಡಿಸ್ಚಾರ್ಜ್ ಹಾಳೆಯ ಕೊನೆಯ ಸಾಲು ನಿಮಗೆ ಗೊತ್ತು: ಮನೆಯಲ್ಲಿ ವ್ಯಾಯಾಮ ಮಾಡಿಸಿ. ಅದರ ಜೊತೆಗೆ ಝೆರಾಕ್ಸ್‌ನ ಝೆರಾಕ್ಸ್ ತೆಗೆದ ಒಂದು ಪುಟ. ಕಡ್ಡಿಯಂಥ ಮನುಷ್ಯನ ಚಿತ್ರಗಳು, ಕೆಳಗೆ ಇಂಗ್ಲಿಷ್ ಸಾಲು. ಬಾಣದ ಗುರುತು ಕೈಯನ್ನು ಮೇಲೆತ್ತಲು ಹೇಳುತ್ತಿದೆಯೋ ಕೆಳಗಿಳಿಸಲೋ, ಶಾಯಿ ಹರಡಿ ತಿಳಿಯುವುದಿಲ್ಲ. ಸೊಸೆ ಆ ಪುಟವನ್ನು ಗೋಡೆಗೆ ಅಂಟಿಸಿ, ಅಂದಾಜಿನ ಮೇಲೆ ಮಾವನ ಭುಜ ಎಳೆಯುತ್ತಾಳೆ. ಲಕ್ವ ಹೊಡೆದ ಭುಜದ ಕೀಲು ಸಡಿಲವಾಗಿರುತ್ತದೆ, ಹಾಗೆ ಎಳೆಯಬಾರದು ಎಂದು ಹೇಳುವವರು ಇಲ್ಲ. ಎಂಟು ದಿನದಲ್ಲಿ ಭುಜ ನೋವು ಶುರು, ಹದಿನೈದು ದಿನದಲ್ಲಿ ವ್ಯಾಯಾಮ ಬಂದ್.

ಈ ‘ಮನೆಯಲ್ಲಿ ಮಾಡಿಸಿ’ಯನ್ನು ಒಬ್ಬ ಸಂಶೋಧಕರು ಗಂಭೀರವಾಗಿ ತೆಗೆದುಕೊಂಡರು. ಲೂಧಿಯಾನದ ಕ್ರಿಶ್ಚಿಯನ್ ಮೆಡಿಕಲ್ ಕಾಲೇಜಿನ ಡಾ. ಜಯರಾಜ್ ಪಾಂಡಿಯನ್, ಮುಂದೆ ವಿಶ್ವ ಪಾರ್ಶ್ವವಾಯು ಸಂಸ್ಥೆಯ ಅಧ್ಯಕ್ಷ ಸ್ಥಾನಕ್ಕೇರಿದವರು. ದೇಶದಲ್ಲಿ ಫಿಸಿಯೋಥೆರಪಿಸ್ಟ್‌ಗಳು ಸಾಲದು, ಹಾಗಾದರೆ ಮನೆಯವರಿಗೇ ಕ್ರಮವಾಗಿ ತರಬೇತಿ ಕೊಟ್ಟರೆ ಹೇಗೆ ಎಂದು ಅವರ ಯೋಚನೆ. ಆಸ್ಟ್ರೇಲಿಯಾದ ತಜ್ಞರ ಜೊತೆ ಸೇರಿ ಪರೀಕ್ಷೆ ನಡೆಸಿದರು: 14 ಆಸ್ಪತ್ರೆ, 1,250 ರೋಗಿಗಳು, ಅರ್ಧದಷ್ಟು ಜನರ ಮನೆಯವರಿಗೆ ತರಬೇತಿ, ಉಳಿದವರಿಗೆ ಎಂದಿನ ಆರೈಕೆ.

ಫಲಿತಾಂಶ 2017ರಲ್ಲಿ ಲ್ಯಾನ್ಸೆಟ್ ಪತ್ರಿಕೆಯಲ್ಲಿ ಬಂತು. ಆರು ತಿಂಗಳಲ್ಲಿ ಸತ್ತವರು ಅಥವಾ ಪರಾವಲಂಬಿಗಳಾಗಿ ಉಳಿದವರು ತರಬೇತಿ ಪಡೆದ ಕಡೆ ನೂರಕ್ಕೆ 47, ಪಡೆಯದ ಕಡೆಯೂ ನೂರಕ್ಕೆ 47. ಅವರು ಕೊಟ್ಟಿದ್ದು ಝೆರಾಕ್ಸ್ ಪುಟವಲ್ಲ, ಆಸ್ಪತ್ರೆಯಲ್ಲೇ ಕೂರಿಸಿ ಕೈಹಿಡಿದು ಕಲಿಸಿದ ಪಾಠ. ಅದಕ್ಕೇ ಇಷ್ಟು ಅಂಕ ಬಂದರೆ ನಮ್ಮ ಗೋಡೆಯ ಮೇಲಿನ ಚಿತ್ರಕ್ಕೆ ಎಷ್ಟು ಎಂದು ಆರೋಗ್ಯ ಇಲಾಖೆಯೇ ಹೇಳಬೇಕು.

ಎರಡನೆಯ ಉದಾಹರಣೆಯೂ ಇದೆ. ಒಮ್ಮೆ ಸ್ಟ್ರೋಕ್ ಆದವರಿಗೆ ಮತ್ತೆ ಆಗದಂತೆ ಮೊಬೈಲ್ ಸಂದೇಶ, ವಿಡಿಯೊ, ಕೈಪಿಡಿ ಕೊಟ್ಟು ನೋಡಿದ ‘ಸ್ಪ್ರಿಂಟ್ ಇಂಡಿಯಾ’ ಪರೀಕ್ಷೆ. ಇದರಲ್ಲೂ ಪಾಂಡಿಯನ್ ಇದ್ದರು. 31 ಕೇಂದ್ರಗಳು, 4,298 ರೋಗಿಗಳು, 12 ಭಾಷೆ. 2023ರ ವರದಿ: ಮಾತ್ರೆ ತಪ್ಪದೆ ತೆಗೆದುಕೊಳ್ಳುವುದು ಸುಧಾರಿಸಿತು, ಕುಡಿತ-ಧೂಮಪಾನ ತಗ್ಗಿತು, ಆದರೆ ಒಂದು ವರ್ಷದಲ್ಲಿ ಮರು ಆಘಾತಗಳ ಸಂಖ್ಯೆ ಇಳಿಯಲಿಲ್ಲ. ಅದನ್ನೂ ಹಾಗೇ ಅಚ್ಚು ಹಾಕಿದರು.

ನನಗೆ ಈ ಸಂಶೋಧಕರ ಮೇಲೆ ಗೌರವ ಹುಟ್ಟುವುದು ಇಲ್ಲೇ. ವರ್ಷಗಟ್ಟಲೆ ದುಡಿದು, ಅಂದುಕೊಂಡಂತೆ ಆಗಲಿಲ್ಲ ಎಂದು ಹೆಸರು ಹಾಕಿ ಜಗತ್ತಿಗೆ ಹೇಳುತ್ತಾರೆ, ಅಂಕಿಸಂಖ್ಯೆ ಸಮೇತ. ಸರ್ಕಾರಿ ಯೋಜನೆಯೊಂದು ಸೋತಿತು ಎಂದು ಇಲಾಖೆಯೇ ಪ್ರಕಟಿಸಿದ್ದನ್ನು ಯಾರಾದರೂ ಓದಿದ್ದೀರಾ? ನಮ್ಮಲ್ಲಿ ಎಲ್ಲ ಯೋಜನೆಗಳೂ ಯಶಸ್ವಿ, ಜನ ಮಾತ್ರ ಫೇಲು.

ಚೇತರಿಕೆ ಎನ್ನುವುದು ಎಣ್ಣೆ ತಿಕ್ಕುವ ವಿಷಯವಲ್ಲ, ಅದೂ ಅಳತೆಯ ವಿದ್ಯೆ. ಸ್ಟ್ರೋಕ್ ಆದ ಮೊದಲ ದಿನದಲ್ಲೇ ರೋಗಿಯನ್ನು ಹೆಚ್ಚು ಹೆಚ್ಚು ಎಬ್ಬಿಸಿ ನಡೆಸಿದರೆ ಒಳ್ಳೆಯದೇ ಎಂದು 56 ಆಸ್ಪತ್ರೆಗಳ 2,104 ರೋಗಿಗಳ ಮೇಲೆ ಪರೀಕ್ಷಿಸಿದಾಗ, ಒಳ್ಳೆಯದಲ್ಲ, ಅತಿಯಾದರೆ ಕೆಟ್ಟದ್ದೇ ಎಂದು 2015ರಲ್ಲಿ ಗೊತ್ತಾಯಿತು. ಮಣಿಪಾಲದಲ್ಲಿ ಡಾ. ಜಾನ್ ಸಾಲೊಮನ್ ಅವರಂಥ ಫಿಸಿಯೋಥೆರಪಿ ಸಂಶೋಧಕರು ಪಾರ್ಶ್ವವಾಯು ಪುನಶ್ಚೇತನಕ್ಕೆಂದೇ ಕೇಂದ್ರ ಕಟ್ಟಿದ್ದಾರೆ. ಯಾವ ಕೈಗೆ, ಯಾವಾಗ, ಎಷ್ಟು ಕೆಲಸ ಎಂದು ಹೇಳಬಲ್ಲವರು ಬೇಕು. ನಮಗೆ ಸುಲಭವಾಗಿ ಸಿಗುವುದು ಪಾರಿವಾಳದ ರಕ್ತ ಹಚ್ಚಿ ಎನ್ನುವವರು. ಅವರನ್ನು ಮೂಢರು ಎಂದು ನಗುವ ಮುನ್ನ ಒಂದು ಗಮನಿಸಿ, ಅವರು ಮನೆ ಬಾಗಿಲಿಗೆ ಬರುತ್ತಾರೆ.

ತುಮಕೂರಿನ ಬಡಾವಣೆಗಳಲ್ಲಿ ನಡೆದು ಹೋಗುವಾಗ ನೋಡಿ. ಕೆಲವು ಮನೆಗಳ ಬಾಗಿಲುವಾಡದ ಮೇಲೆ ಒಂದು ಪುಟ್ಟ ರಾಟೆ, ಅದರಿಂದ ಇಳಿಬಿದ್ದ ನೈಲಾನ್ ಹಗ್ಗ, ತುದಿಗೆ ಎರಡು ಹಿಡಿ. ಕೆಳಗೆ ಪ್ಲಾಸ್ಟಿಕ್ ಕುರ್ಚಿ. ಕುರ್ಚಿಯಲ್ಲಿ ಕೂತವರ ಒಂದು ಕೈಗೆ ರಬ್ಬರ್ ಚೆಂಡು. ಖಾಸಗಿ ಫಿಸಿಯೋಥೆರಪಿಸ್ಟ್ ಬರುವಷ್ಟು ದಿನ ಹಗ್ಗ ಓಡುತ್ತದೆ. ದಿನದ ಫೀಸು ಕೊಡುವುದು ಕಷ್ಟವಾದಾಗ ನಿಲ್ಲುತ್ತದೆ, ಆಮೇಲೆ ಅದರ ಮೇಲೆ ಟವೆಲ್ ಒಣಗುತ್ತದೆ. ಆರೋಗ್ಯ ಕಾರ್ಡು ಆಸ್ಪತ್ರೆಯ ಮಂಚದವರೆಗೆ ಬರುತ್ತದೆ, ಈ ಕುರ್ಚಿಯವರೆಗೆ ಬರುವುದಿಲ್ಲ.

ಮಾಸಾಶನಕ್ಕೆ ಅಂಗವಿಕಲತೆಯ ಪ್ರಮಾಣಪತ್ರ ಬೇಕು. ಅದಕ್ಕೆ ನಡೆಯಲಾಗದವರು ನಡೆಯಲಾಗುವುದಿಲ್ಲ ಎಂದು ತೋರಿಸಲು ಖುದ್ದು ಆಸ್ಪತ್ರೆಗೆ ಬರಬೇಕು. ಬಂದರೆ, ಬರಲು ಆಯಿತಲ್ಲ ಎಂಬ ನೋಟ ಎದುರಿಸಬೇಕು.

ಹಾಗಂತ ಸರ್ಕಾರ ಏನೂ ಮಾಡುತ್ತಿಲ್ಲ ಎನ್ನಲಾಗದು. 2024ರ ಅಕ್ಟೋಬರ್‌ನಲ್ಲಿ ಕೋಲಾರದಲ್ಲಿ ಶುರುವಾದ ಗೃಹ ಆರೋಗ್ಯ ಯೋಜನೆ ಮನೆಗೇ ಬಂದು ಬಿಪಿ, ಸಕ್ಕರೆ ನೋಡಿ ಮಾತ್ರೆ ಕೊಡುತ್ತದೆ ಎಂಬ ಭರವಸೆ ಹೊತ್ತಿದೆ. ಅದು ತಿಂಗಳು ತಪ್ಪದೆ ನಡೆದರೆ, ಮೇಲೆ ಹೇಳಿದ ಯಜಮಾನರಂಥವರಿಗೆ ಸ್ಕ್ಯಾನೂ ಬೇಡ, ಚುಚ್ಚುಮದ್ದೂ ಬೇಡ. ‘ತಿಂಗಳು ತಪ್ಪದೆ’ ಎಂಬ ಎರಡು ಮಾತು ನಮ್ಮಲ್ಲಿ ವಿದ್ಯುತ್ ಬಿಲ್ಲಿಗೆ ಮಾತ್ರ ಅನ್ವಯ.

ನಾವು ಕೇಳುತ್ತಿರುವುದು ದೊಡ್ಡ ಕಟ್ಟಡವಲ್ಲ. ಗುಬ್ಬಿ, ಕುಣಿಗಲ್ ಆಸ್ಪತ್ರೆಗಳ ಬಾಗಿಲಲ್ಲಿ, ಪ್ರತಿ 108 ವಾಹನದೊಳಗೆ ಒಂದು ಫಲಕ: ಲಕ್ವ ಹೊಡೆದು ನಾಲ್ಕೂವರೆ ಗಂಟೆಯೊಳಗಿದ್ದರೆ ಈ ಹೊತ್ತಿನಲ್ಲಿ ನೇರ ಇಲ್ಲಿಗೆ ಹೋಗಿ, ಈ ನಂಬರಿಗೆ ಫೋನ್ ಮಾಡಿ. 108 ರಾಜ್ಯಕ್ಕೆ ಬಂದಿದ್ದು 2008ರ ನವೆಂಬರ್ 1ರಂದು. ಇಷ್ಟು ವರ್ಷದಲ್ಲಿ ಡ್ರೈವರಿಗೆ ಹತ್ತಿರದ ಆಸ್ಪತ್ರೆ ಯಾವುದೆಂದು ಬಾಯಿಪಾಠವಾಗಿದೆ. ಸ್ಕ್ಯಾನ್ ಮತ್ತು ಮದ್ದು ಎರಡೂ ಇರುವ ಆಸ್ಪತ್ರೆ ಯಾವುದು ಎಂದು ಅವರಿಗೆ ಇಲಾಖೆ ಬರೆದು ಕೊಡಲಿ. ಒಂದು ಡಬ್ಬಿ ಬಣ್ಣದ ಖರ್ಚು. ಟೆಂಡರ್ ಕರೆಯುವಷ್ಟು ದೊಡ್ಡ ಮೊತ್ತವಲ್ಲದ್ದೇ ಇದರ ದೌರ್ಬಲ್ಯವಿರಬೇಕು.

ಅಲ್ಲಿಯವರೆಗೆ ನಾಗರಿಕರ ಕೈಲಿರುವುದು ಮಾಹಿತಿ ಹಕ್ಕು. ಹತ್ತು ರೂಪಾಯಿಯ ಪೋಸ್ಟಲ್ ಆರ್ಡರ್. ನಮ್ಮ ರಾಜ್ಯದ ನಿಯಮದಂತೆ ಒಂದೇ ವಿಷಯ, 150 ಪದ ಮೀರುವಂತಿಲ್ಲ. ಅಷ್ಟು ಸಾಕು. ಕಳೆದ ವರ್ಷ ಜಿಲ್ಲಾ ಆಸ್ಪತ್ರೆಗೆ ಪಾರ್ಶ್ವವಾಯು ಎಂದು ಬಂದವರೆಷ್ಟು, ನಾಲ್ಕೂವರೆ ಗಂಟೆಯೊಳಗೆ ಬಂದವರೆಷ್ಟು, ಹೆಪ್ಪು ಕರಗಿಸುವ ಚುಚ್ಚುಮದ್ದು ಪಡೆದವರೆಷ್ಟು, ರಾತ್ರಿ ಎಂಟರ ನಂತರ ತೆಗೆದ ಸಿಟಿ ಸ್ಕ್ಯಾನ್ ಎಷ್ಟು, ಗುಬ್ಬಿ ಮತ್ತು ಕುಣಿಗಲ್‌ನಿಂದ ರೆಫರ್ ಆಗಿ ಬಂದವರಿಗೆ ಹಿಡಿದ ಸರಾಸರಿ ಸಮಯ ಎಷ್ಟು, ಎರಡೂ ತಾಲ್ಲೂಕು ಆಸ್ಪತ್ರೆಗಳಲ್ಲಿ ಫಿಸಿಯೋಥೆರಪಿಸ್ಟ್ ಹುದ್ದೆ ಮಂಜೂರಾಗಿರುವುದೆಷ್ಟು, ಭರ್ತಿಯಾಗಿರುವುದೆಷ್ಟು.

ಸಾಮಾನ್ಯ ಅರ್ಜಿಗೆ ಉತ್ತರಿಸಲು ಕಾಯ್ದೆ 30 ದಿನ ಕೊಡುತ್ತದೆ. ವ್ಯಕ್ತಿಯ ಜೀವಕ್ಕೆ ಸಂಬಂಧಿಸಿದ ಮಾಹಿತಿಯಾದರೆ 48 ಗಂಟೆ ಎನ್ನುತ್ತದೆ ಅದರ 7ನೇ ಸೆಕ್ಷನ್. ಇದು ಜೀವಕ್ಕೆ ಸಂಬಂಧಿಸಿದ್ದೋ ಅಲ್ಲವೋ ಎಂಬುದನ್ನು ಮಾಹಿತಿ ಅಧಿಕಾರಿಗಳೇ ತೀರ್ಮಾನಿಸಲಿ. ನಾವು ಮಾತ್ರ ಸ್ವೀಕೃತಿಯಲ್ಲಿ ದಿನಾಂಕದ ಪಕ್ಕ ಗಂಟೆ, ನಿಮಿಷವನ್ನೂ ಬರೆಸಿಕೊಳ್ಳೋಣ.